ಉಕ್ಕಿನ ಕಾಡುಕುದುರೆ: ಮಸ್ಟಾಂಗ್ ಕಾರು ಹೇಳುವ ವಿಜ್ಞಾನದ ಕತೆ



ಮೂರು ಎಂಜಿನ್ನುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೇವೆ ಎಂದು ಭಾವಿಸಿಕೊಳ್ಳಿ. ಮೂರೂ ಅಮೆರಿಕದ ಫೋರ್ಡ್ ಕಂಪೆನಿಯವು. ಮೂರೂ ಒಂದೇ ಹೆಸರಿನ ಕಾರಿನಲ್ಲಿ ಕೂತು ಓಡಿದವು. ಮೂರಕ್ಕೂ ನಾಲ್ಕೇ ಸಿಲಿಂಡರುಗಳು. ಸಿಲಿಂಡರುಗಳ ಒಟ್ಟು ಗಾತ್ರವೂ ಒಂದೇ, 2.3 ಲೀಟರ್. ಮೊದಲನೆಯದು 1974ರದು, ಅದರ ಸಾಮರ್ಥ್ಯ 88 ಅಶ್ವಶಕ್ತಿ. ಎರಡನೆಯದು 1984ರದು, ಅದು 175 ಅಶ್ವಶಕ್ತಿ ಕೊಟ್ಟಿತು. ಮೂರನೆಯದು 2015ರದು, ಅದರಿಂದ ಬಂದದ್ದು 310 ಅಶ್ವಶಕ್ತಿ! ಪಾತ್ರೆ ಅಷ್ಟೇ ದೊಡ್ಡದು, ಆದರೆ ಅದರಿಂದ ಬಡಿಸಿದ ಊಟ ಮೂರೂವರೆ ಪಟ್ಟು. ಇನ್ನೂ ಸೋಜಿಗವೆಂದರೆ, ಹೆಚ್ಚು ಬಲಶಾಲಿಯಾದ ಮೂರನೆಯ ಎಂಜಿನ್ನೇ ಗಾಳಿಗೆ ಅತಿ ಕಡಿಮೆ ವಿಷ ಬಿಡುವಂಥದು.

ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಒಂದು ಕಾರಿನ ಅರವತ್ತು ವರ್ಷಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಆ ಕಾರಿನ ಹೆಸರು ಮಸ್ಟಾಂಗ್. ಅಮೆರಿಕದ ಬಯಲುಗಳಲ್ಲಿ ಯಾರ ಕಡಿವಾಣಕ್ಕೂ ಸಿಗದೆ ಅಲೆಯುವ ಕಾಡುಕುದುರೆಗೆ ಅಲ್ಲಿ ಹಾಗೆಂದು ಕರೆಯುತ್ತಾರೆ. ದೂರದರ್ಶನದ ತೆರೆಯ ಮೇಲೆ ಕಾರು ಧೂಳೆಬ್ಬಿಸಿಕೊಂಡು ಓಡುವುದನ್ನು ತೋರಿಸುವುದು ಸುಲಭ. ಅದರ ಬಾನೆಟ್ಟಿನ ಒಳಗೆ ವರ್ಷಗಟ್ಟಲೆ ನಡೆದ ಬದಲಾವಣೆಯನ್ನು ಅರೆನಿಮಿಷದ ಚಿತ್ರದಲ್ಲಿ ಹಿಡಿಯಲು ಬರುವುದಿಲ್ಲ. ಅದಕ್ಕೆ ಕಾಗದವೇ ಸರಿ. ಒಂದು ವಾಕ್ಯ ಅರ್ಥವಾಗದಿದ್ದರೆ ನೀವು ಹಿಂದಕ್ಕೆ ಹೋಗಿ ಮತ್ತೆ ಓದಬಹುದು.

ಅಶ್ವಶಕ್ತಿ ಎಂದರೇನು?

ಮೊದಲು ಅಳತೆಗೋಲನ್ನು ತಿಳಿದುಕೊಳ್ಳೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಮಾರುವಾಗ, ಅದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ಹೇಳಬೇಕಾಗಿತ್ತು. ಆತ ನಿಗದಿ ಮಾಡಿದ ಲೆಕ್ಕವೇ ಅಶ್ವಶಕ್ತಿ. ಇಂದಿನ ಮಾನದಲ್ಲಿ ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. 76 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯನನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತಿದರೆ ಅಷ್ಟು ಸಾಮರ್ಥ್ಯ ಬೇಕಾಗುತ್ತದೆ. ಇಲ್ಲಿ 'ಒಂದು ಸೆಕೆಂಡಿನಲ್ಲಿ' ಎಂಬ ಮಾತು ಮುಖ್ಯ. ಅದೇ ಕೆಲಸವನ್ನು ಹತ್ತು ಸೆಕೆಂಡಿನಲ್ಲಿ ಮಾಡಿದರೆ ಹತ್ತನೇ ಒಂದು ಭಾಗ ಸಾಮರ್ಥ್ಯ ಸಾಕು. ಮಾಡಿದ ಕೆಲಸವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಬರುವುದೇ ಸಾಮರ್ಥ್ಯ.

ಇದನ್ನು ಕಾರಿಗೆ ಅನ್ವಯಿಸಿ ನೋಡಿ. 1,600 ಕಿಲೋಗ್ರಾಂ ತೂಕದ ಕಾರೊಂದು ನಿಂತ ಸ್ಥಿತಿಯಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಬೇಕು. ಆ ವೇಗ ಸೆಕೆಂಡಿಗೆ ಸುಮಾರು 27.8 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಲೆಕ್ಕ ಹಾಕಿದರೆ ಸುಮಾರು 6 ಲಕ್ಷ 20 ಸಾವಿರ ಜೂಲ್ ಆಗುತ್ತದೆ. ಈ ಶಕ್ತಿಯನ್ನು ಹತ್ತು ಸೆಕೆಂಡಿನಲ್ಲಿ ತುಂಬಲು ಚಕ್ರಗಳಿಗೆ ಸರಾಸರಿ 83 ಅಶ್ವಶಕ್ತಿ ತಲುಪಬೇಕು. ಐದೇ ಸೆಕೆಂಡಿನಲ್ಲಿ ತುಂಬಬೇಕೆಂದರೆ ಅದರ ಎರಡರಷ್ಟು. ಗಾಳಿಯ ತಡೆ, ಗೇರುಗಳ ಘರ್ಷಣೆ, ಟಯರುಗಳ ಜಾರುವಿಕೆ ಎಲ್ಲವನ್ನೂ ಸೇರಿಸಿದರೆ ಎಂಜಿನ್ ಇನ್ನೂ ದೊಡ್ಡದಾಗಬೇಕು.

ಇನ್ನೊಂದು ಲೆಕ್ಕವೂ ಇದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಮೂರು ಕೋಟಿ ಜೂಲಿಗಿಂತ ಸ್ವಲ್ಪ ಹೆಚ್ಚು ಶಕ್ತಿ ಅಡಗಿದೆ. ಅದರಲ್ಲಿ ಹೆಚ್ಚೂಕಡಿಮೆ ನಾಲ್ಕನೇ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಈ ಒಂದು ಜಿಗಿತಕ್ಕೆ ಸುಮಾರು 80 ಮಿಲಿಲೀಟರ್ ಪೆಟ್ರೋಲ್ ಬೇಕು. ಹೋಟೆಲಿನ ಒಂದು ಬೈ-ಟು ಕಾಫಿಯಷ್ಟು! ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಿರೋ, ಆ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಯಿತು. ಕಟ್ಟುಮಸ್ತಾದ ಕಾರುಗಳ ಚರಿತ್ರೆಯನ್ನು ಓದುವಾಗ ಈ ಎರಡು ಲೆಕ್ಕಗಳು ನಿಮ್ಮ ನೆನಪಿನಲ್ಲಿರಲಿ.

ತಟ್ಟುಕುದುರೆಯ ಜನನ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನ ಪ್ರಮಾಣ ಒಮ್ಮೆಲೇ ಏರಿತು. 1946ರಲ್ಲಿ ಹುಟ್ಟಿದ ಮಕ್ಕಳಿಗೆ 1964ರಲ್ಲಿ ಹದಿನೆಂಟು ತುಂಬಿತು. ಇವರ ಕೈಯಲ್ಲಿ ಸ್ವಲ್ಪ ಹಣವಿತ್ತು. ಅಪ್ಪ ಓಡಿಸುತ್ತಿದ್ದ ದೊಡ್ಡ ಕಾರು ಬೇಡವೆಂಬ ಹಟವೂ ಇತ್ತು. ಫೋರ್ಡ್ ಕಂಪೆನಿಯ ಒಂದು ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಲೀ ಅಯಕೋಕ ಇದನ್ನು ಗುರುತಿಸಿದ. ಅದಕ್ಕೆ ಮುಂಚೆ, 1957ರಲ್ಲಿ, ಅದೇ ಕಂಪೆನಿ 'ಎಡ್ಸೆಲ್' ಎಂಬ ಕಾರನ್ನು ಭಾರೀ ಪ್ರಚಾರದೊಡನೆ ತಂದು ಎರಡೇ ವರ್ಷಗಳಲ್ಲಿ ಕೈಸುಟ್ಟುಕೊಂಡಿತ್ತು. ಹೀಗಾಗಿ ಹೊಸ ಕಾರಿಗೆ ಹೆಚ್ಚು ಖರ್ಚು ಮಾಡುವಂತಿರಲಿಲ್ಲ.

ಉಪಾಯ ಸರಳವಾಗಿತ್ತು. ಫೋರ್ಡಿನ ಬಳಿ 'ಫಾಲ್ಕನ್' ಎಂಬ ಸಾಧುವಾದ, ಅಗ್ಗದ ಸಂಸಾರಸ್ಥರ ಕಾರಿತ್ತು. ಅದರ ಅಡಿಗಟ್ಟು, ಎಂಜಿನ್, ಗೇರುಗಳನ್ನೇ ಬಹುಮಟ್ಟಿಗೆ ತೆಗೆದುಕೊಂಡು ಮೇಲೆ ಹೊಸ ಮೈ ತೊಡಿಸಿದರು. ಉದ್ದನೆಯ ಬಾನೆಟ್, ಗಿಡ್ಡನೆಯ ಡಿಕ್ಕಿ, ಮುಂದಿನ ಜಾಲರಿಯಲ್ಲಿ ನಾಗಾಲೋಟದ ಕುದುರೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟಾಂಗ್ ಕಾಣಿಸಿಕೊಂಡಿತು. ಬೆಲೆ 2,368 ಡಾಲರ್‌ನಿಂದ ಆರಂಭ. ಮೊದಲ ದಿನವೇ ಸುಮಾರು 22,000 ಬೇಡಿಕೆಗಳು ಬಂದವು. ಎರಡು ವರ್ಷ ತುಂಬುವ ಮುನ್ನ ಹತ್ತು ಲಕ್ಷ ಕಾರುಗಳು ತಯಾರಾದವು.

ಒಂದು ತಮಾಷೆಯ ಸಂಗತಿ ಕೇಳಿ. ಒಂದನೆಯ ಕ್ರಮಸಂಖ್ಯೆಯ ಮಸ್ಟಾಂಗ್ ಮಾರಾಟಕ್ಕಲ್ಲದೆ ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲೆಂಡಿಗೆ ಹೋಗಿತ್ತು. ಅಲ್ಲಿನ ಒಬ್ಬ ವಿಮಾನ ಚಾಲಕ ಅದನ್ನು ಕೊಂಡುಬಿಟ್ಟ. ಕಂಪೆನಿಯವರು ಅದನ್ನು ಹಿಂದಕ್ಕೆ ಕೇಳಿದಾಗ ಆತ ಕೊಡಲಿಲ್ಲ. ಕೊನೆಗೆ ಹತ್ತು ಲಕ್ಷನೆಯ ಮಸ್ಟಾಂಗನ್ನು ಅದಕ್ಕೆ ಬದಲಾಗಿ ಪಡೆದ ಮೇಲೆಯೇ ಒಂದನೆಯದನ್ನು ಬಿಟ್ಟುಕೊಟ್ಟ. ಆ ಕಾರು ಈಗ ಡಿಯರ್‌ಬಾರ್ನ್ ಊರಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಗಮನಿಸಿ: ಈ ಮೊದಲ ಮಸ್ಟಾಂಗ್ ಬಲಾಢ್ಯನೇನೂ ಆಗಿರಲಿಲ್ಲ. ಅಗ್ಗದ ಮಾದರಿಯ ಆರು ಸಿಲಿಂಡರಿನ ಎಂಜಿನ್ ಕೊಡುತ್ತಿದ್ದುದು 101 ಅಶ್ವಶಕ್ತಿ. ವೇಗದ ಕುದುರೆಯಂತೆ ಕಾಣುತ್ತಿದ್ದ ಇದು ನಿಜವಾಗಿ ಗಾಡಿ ಎಳೆಯುವ ತಟ್ಟುವೇ. ಇದೇ ಕಾರಿನಿಂದಾಗಿ ಇಂಥ ಕಾರುಗಳಿಗೆ ಅಲ್ಲಿ 'ಪೋನಿ ಕಾರು', ಅಂದರೆ ತಟ್ಟುಕುದುರೆಯ ಕಾರು, ಎಂಬ ಹೆಸರು ಬಿತ್ತು.

ಸ್ನಾಯು ಬೆಳೆದ ಕಾಲ

ಅದೇ 1964ರಲ್ಲಿ ಪಾಂಟಿಯಾಕ್ ಕಂಪೆನಿ ಮಧ್ಯಮ ಗಾತ್ರದ ಕಾರಿನಲ್ಲಿ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕೂರಿಸಿ 'ಜಿಟಿಓ' ಎಂದು ಹೆಸರಿಟ್ಟಿತು. ಮೈ ಚಿಕ್ಕದು, ಎದೆ ದೊಡ್ಡದು. ಇಂಥವನ್ನು 'ಮಸಲ್ ಕಾರ್' ಎಂದರು. ಸ್ನಾಯುಗಳ ಕಾರು ಎಂದು ಅರ್ಥ. ಸ್ಪರ್ಧೆ ಹುಟ್ಟಿತು. ಷೆವ್ರೊಲೆ ಕಂಪೆನಿ 1966ರಲ್ಲಿ 'ಕಮಾರೊ' ತಂದಿತು. ಮಸ್ಟಾಂಗಿನ ಬಾನೆಟ್ಟಿನಡಿಯ ಎಂಜಿನ್ 4.7 ಲೀಟರಿನಿಂದ 6.4 ಲೀಟರಿಗೆ, 1968ರಲ್ಲಿ 7 ಲೀಟರಿಗೆ ಬೆಳೆಯಿತು. ಅದೇ ವರ್ಷ 'ಬುಲ್ಲಿಟ್' ಚಲನಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ರಸ್ತೆಗಳಲ್ಲಿ ಮಸ್ಟಾಂಗ್ ಓಡಿಸಿದ ಮೇಲಂತೂ ಅದು ಯುವಕರ ಆರಾಧ್ಯ ವಸ್ತುವಾಯಿತು.

ಬಲ ಹೆಚ್ಚಿಸಲು ಎಂಜಿನಿಯರುಗಳ ಮುಂದೆ ಎರಡು ಸುಲಭ ದಾರಿಗಳಿದ್ದವು. ಒಂದು, ಸಿಲಿಂಡರನ್ನು ದೊಡ್ಡದು ಮಾಡುವುದು. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಬಲ. ಇನ್ನೊಂದು, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಉರಿಸುವ ಮುನ್ನ ಇನ್ನಷ್ಟು ಬಿಗಿಯಾಗಿ ಒತ್ತುವುದು. ಹತ್ತು ಪಾಲು ಜಾಗದಲ್ಲಿದ್ದ ಮಿಶ್ರಣವನ್ನು ಪಿಸ್ಟನ್ ಒಂದು ಪಾಲಿಗೆ ಅದುಮಿದರೆ ಸಂಪೀಡನ ಅನುಪಾತ 10 ಎನ್ನುತ್ತೇವೆ. ಈ ಅನುಪಾತ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. 1965ರ ಬಲಿಷ್ಠ ಮಸ್ಟಾಂಗಿನಲ್ಲಿ ಈ ಅನುಪಾತ 10.5 ಇತ್ತು.

ಆದರೆ ಅನಿಲವನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬೆಚ್ಚಗಾಗುವುದನ್ನು ನೀವೇ ಮುಟ್ಟಿ ನೋಡಿರಬಹುದು. ಅತಿಯಾಗಿ ಅದುಮಿದರೆ ಮಿಶ್ರಣದ ಒಂದು ಭಾಗ ತಾನಾಗಿಯೇ, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಸಿಲಿಂಡರಿನೊಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದು, ಪಿಸ್ಟನ್ನಿಗೆ ಅಪಾಯ. ಇದನ್ನು ತಡೆಯಲು 1920ರ ದಶಕದಿಂದಲೇ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅಗ್ಗದ ಮದ್ದು. ಆದರೆ ಸೀಸ ಉರಿದು ಮಾಯವಾಗುವುದಿಲ್ಲ. ಸೈಲೆನ್ಸರಿನಿಂದ ಹೊರಬಿದ್ದು ಗಾಳಿಗೆ, ಮಣ್ಣಿಗೆ, ಅಲ್ಲಿಂದ ಮನುಷ್ಯರ ರಕ್ತಕ್ಕೆ ಸೇರುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಘೋರ ವಿಷ. 1960ರ ದಶಕದ ಸ್ನಾಯುವಿನ ಕಾರುಗಳ ಬಲದಲ್ಲಿ ಒಂದು ಪಾಲು ಈ ವಿಷದ ಸಾಲವಾಗಿತ್ತು ಎಂದರೆ ತಪ್ಪಲ್ಲ. ಆ ಸಾಲದ ಬಡ್ಡಿ ಕಟ್ಟಿದವರು ಕಾರು ಓಡಿಸಿದವರಷ್ಟೇ ಅಲ್ಲ. ರಸ್ತೆಯ ಪಕ್ಕದ ಮನೆಗಳಲ್ಲಿ ಆಡಿಕೊಂಡಿದ್ದ ಮಕ್ಕಳು ಕೂಡ.

ಇನ್ನೊಂದು ಕೊರತೆಯೂ ಇತ್ತು. ಓಡಲು ಕಲಿತ ಕುದುರೆಗೆ ನಿಲ್ಲಲು ಸರಿಯಾಗಿ ಬರುತ್ತಿರಲಿಲ್ಲ. ಮೊದಮೊದಲ ಮಸ್ಟಾಂಗಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ ಇದ್ದವು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬೇಕಾದರೆ ಬೇರೆಯಾಗಿ ಹಣ ತೆರಬೇಕಿತ್ತು. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲವಾಗಿತ್ತು! ಹಿಂದಿನಿಂದ ಡಿಕ್ಕಿ ಹೊಡೆದರೆ ಏನಾದೀತು ಎಂದು ನೀವೇ ಊಹಿಸಿ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಅಪಘಾತದಲ್ಲಿ ಆ ಶಕ್ತಿಯೆಲ್ಲ ಎಲ್ಲಾದರೂ ಇಳಿಯಲೇಬೇಕು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರು ಕಂಪೆನಿಗಳ ಅಲಕ್ಷ್ಯವನ್ನು ಬಯಲಿಗೆಳೆದು ಪುಸ್ತಕ ಬರೆದ. ಮರುವರ್ಷವೇ ವಾಹನ ಸುರಕ್ಷತೆಯ ಕಾನೂನು ಬಂದಿತು. ಇಷ್ಟಾದರೂ 1972ರ ಒಂದೇ ವರ್ಷದಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 54 ಸಾವಿರವನ್ನು ದಾಟಿತು. ಬಲಿಷ್ಠ ಕಾರಿನ ಯುವ ಮಾಲೀಕರಿಗೆ ವಿಮಾ ಕಂಪೆನಿಗಳು ಕಂತನ್ನು ಏರಿಸುತ್ತ ಹೋದವು.

ಹೊಗೆಯ ರಸಾಯನ

ಲಾಸ್ ಏಂಜಲೀಸ್ ನಗರದ ಮೇಲೆ ಕಂದುಬಣ್ಣದ ಮಬ್ಬು ಕವಿದು ಜನರ ಕಣ್ಣು ಉರಿಯುತ್ತಿತ್ತು. ಇದು ಎಲ್ಲಿಂದ ಬರುತ್ತದೆ ಎಂದು 1950ರ ಸುಮಾರಿಗೆ ಪತ್ತೆ ಹಚ್ಚಿದವನು ಹಾಗೆನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ. ಕಾರುಗಳಿಂದ ಹೊರಬರುವ ಅರೆಬೆಂದ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಮುಂತಾದ ಚುಚ್ಚುವ ಅನಿಲಗಳಾಗುತ್ತವೆ ಎಂದು ಆತ ತೋರಿಸಿದ. ಮೇಲಿನ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಓಜೋನೇ ಮೂಗಿನ ಮಟ್ಟದಲ್ಲಿದ್ದರೆ ಶ್ವಾಸಕೋಶದ ಶತ್ರು.

1970ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಗಾಳಿಯ ಕಾನೂನನ್ನು ಬಿಗಿಗೊಳಿಸಿತು. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳ ಮುಖ್ಯ ಮಾಲಿನ್ಯಕಾರಕಗಳು ನೂರಕ್ಕೆ ತೊಂಬತ್ತರಷ್ಟು ಇಳಿಯಬೇಕು ಎಂದಿತು. ಅದು ಸಾಧ್ಯವೇ ಇಲ್ಲ ಎಂದು ಕಾರು ಕಂಪೆನಿಗಳು ಕೂಗೆಬ್ಬಿಸಿದವು. ಗಡುವು ಮುಂದಕ್ಕೆ ಹೋಯಿತು; ಗುರಿ ಮಾತ್ರ ಉಳಿಯಿತು. 1975ರ ಮಾದರಿಯ ಕಾರುಗಳಲ್ಲಿ ಹೊಗೆಯನ್ನು ಶುದ್ಧಿ ಮಾಡುವ ವೇಗವರ್ಧಕ ಪೆಟ್ಟಿಗೆ ಬಂದಿತು. ಪ್ಲಾಟಿನಂನಂಥ ಲೋಹ ಬಳಿದ ಜೇನುಗೂಡಿನಂತಹ ರಚನೆಯ ಮೂಲಕ ಹೊಗೆ ಸಾಗುವಾಗ ವಿಷಾನಿಲಗಳು ಕಡಿಮೆ ಅಪಾಯದ ವಸ್ತುಗಳಾಗಿ ಮಾರ್ಪಡುತ್ತವೆ. ಆದರೆ ಸೀಸ ಆ ಲೋಹದ ಮೇಲೆ ಪದರವಾಗಿ ಕೂತು ಅದನ್ನು ನಿಷ್ಕ್ರಿಯ ಮಾಡುತ್ತದೆ. ಹಾಗಾಗಿ ಪೆಟ್ರೋಲ್ ಬಂಕುಗಳಲ್ಲಿ ಸೀಸರಹಿತ ಪೆಟ್ರೋಲ್ ಮಾರಬೇಕಾಯಿತು. ಪೆಟ್ಟಿಗೆಯನ್ನು ಉಳಿಸಲು ಹೊರಟವರು ಮಕ್ಕಳನ್ನೂ ಉಳಿಸಿದರು: ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ತೀವ್ರವಾಗಿ ಇಳಿಯಿತು. ನಮ್ಮ ದೇಶದಲ್ಲಿ ಎಲ್ಲೆಡೆ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದದ್ದು 2000ದಲ್ಲಿ.

ಸೀಸ ಹೋದ ಮೇಲೆ ಸಂಪೀಡನ ಅನುಪಾತವನ್ನು ಇಳಿಸದೆ ಗತ್ಯಂತರವಿರಲಿಲ್ಲ. ಹತ್ತರ ಮೇಲಿದ್ದದ್ದು ಎಂಟರ ಆಸುಪಾಸಿಗೆ ಬಂತು. ಬಲ ಕುಸಿಯಿತು. ಅದೇ ಹೊತ್ತಿಗೆ ಅಳತೆಯ ಕ್ರಮವೂ ಬದಲಾಯಿತು. ಅಲ್ಲಿಯವರೆಗೆ ಎಂಜಿನ್ನನ್ನು ಕಾರಿನಿಂದ ಬಿಚ್ಚಿ, ಗಾಳಿಶೋಧಕ, ಸೈಲೆನ್ಸರು ಮುಂತಾದ ಹೊರೆಗಳನ್ನೆಲ್ಲ ಕಳಚಿ, ಪರೀಕ್ಷೆಯ ಪೀಠದ ಮೇಲೆ ಅಳೆಯುತ್ತಿದ್ದರು. ಚಪ್ಪಲಿ ಬಿಚ್ಚಿ, ಅಂಗಿ ಬಿಚ್ಚಿ ತೂಕ ನೋಡಿದ ಹಾಗೆ. 1972ರಿಂದ, ಕಾರಿನಲ್ಲಿ ಇರುವಂತೆಯೇ ಎಲ್ಲ ಭಾಗಗಳನ್ನೂ ಜೋಡಿಸಿ ಅಳೆಯಬೇಕೆಂದಾಯಿತು. 1971ರಲ್ಲಿ 210 ಅಶ್ವಶಕ್ತಿ ಎಂದು ಬರೆದಿದ್ದ ಮಸ್ಟಾಂಗಿನ 4.9 ಲೀಟರ್ ಎಂಜಿನ್, ಮರುವರ್ಷ ಸುಮಾರು 140ಕ್ಕೆ ಇಳಿಯಿತು. ಎಂಜಿನ್ ಬಹುಮಟ್ಟಿಗೆ ಅದೇ. ಬದಲಾದದ್ದು ಹೆಚ್ಚಾಗಿ ಅಳತೆ. ಆದ್ದರಿಂದ ಹಳೆಯ ಕಾರುಗಳ ಅಶ್ವಶಕ್ತಿಯನ್ನು ಹೊಸವುಗಳೊಡನೆ ನೇರವಾಗಿ ಹೋಲಿಸಬೇಡಿ. ಯಾವುದೇ ಅಂಕಿಯನ್ನು ಕಂಡಾಗ 'ಇದನ್ನು ಅಳೆದದ್ದು ಹೇಗೆ?' ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಯ ಮೊದಲ ಕರ್ತವ್ಯ.

ಎಣ್ಣೆ ಬತ್ತಿದ ಚಳಿಗಾಲ

ಇಷ್ಟರಲ್ಲಿ ಮಸ್ಟಾಂಗ್ ಕೊಬ್ಬಿತ್ತು. 1971ರ ಮಾದರಿ ಮೊದಲಿನದಕ್ಕಿಂತ ಇನ್ನೂರು ಕಿಲೋಗ್ರಾಂಗೂ ಹೆಚ್ಚು ಭಾರವಾಗಿತ್ತು. 1966ರ ಮಾದರಿ ಆರು ಲಕ್ಷಕ್ಕೂ ಮೀರಿ ಖರ್ಚಾಗಿದ್ದರೆ, 1972ರದು ಒಂದೂಕಾಲು ಲಕ್ಷಕ್ಕೆ ಬಂದು ನಿಂತಿತು. ಫೋರ್ಡ್ ಕಂಪೆನಿ ಕಾರನ್ನು ಪುನಃ ಚಿಕ್ಕದು ಮಾಡಿತು. ಹಿಂದಿನದಕ್ಕಿಂತ ಒಂದೂವರೆ ಅಡಿಯಷ್ಟು ಗಿಡ್ಡವಾದ 'ಮಸ್ಟಾಂಗ್ 2' ಮಾರುಕಟ್ಟೆಗೆ ಬಂದದ್ದು 1973ರ ಸೆಪ್ಟೆಂಬರಿನಲ್ಲಿ. ಮರುತಿಂಗಳೇ ಪಶ್ಚಿಮ ಏಷ್ಯದಲ್ಲಿ ಯುದ್ಧ ಆರಂಭವಾಗಿ, ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಪೀಪಾಯಿಗೆ ಮೂರು ಡಾಲರಿನಷ್ಟಿದ್ದ ಕಚ್ಚಾ ಎಣ್ಣೆ 1974ರ ಆರಂಭಕ್ಕೆ ಹನ್ನೆರಡರ ಹತ್ತಿರ ಮುಟ್ಟಿತು. ಬಂಕುಗಳ ಮುಂದೆ ಮೈಲುದ್ದದ ಸಾಲುಗಳು. ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಸಮ-ಬೆಸ ಸಂಖ್ಯೆ ನೋಡಿ ಪೆಟ್ರೋಲ್ ಹಾಕಿದರು. ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂತು.

ನಾವು ಆರಂಭದಲ್ಲಿ ನೋಡಿದ 88 ಅಶ್ವಶಕ್ತಿಯ ಎಂಜಿನ್ ಈ ಕಾರಿನದೇ. ಎಂಟು ಸಿಲಿಂಡರಿನ ಎಂಜಿನ್ ಆ ವರ್ಷ ಇರಲೇ ಇಲ್ಲ. ಹಳೆಯ ಅಭಿಮಾನಿಗಳು ಇದನ್ನು ಇಂದಿಗೂ ಗೇಲಿ ಮಾಡುತ್ತಾರೆ. ಆದರೆ 1974ರ ಮಾದರಿ 3 ಲಕ್ಷ 85 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಆ ಸಂಕಟದ ಕಾಲದಲ್ಲಿ ಮಸ್ಟಾಂಗ್ ಎಂಬ ಹೆಸರನ್ನು ಬದುಕಿಸಿದ್ದು ಈ ಬಡಕಲು ಕುದುರೆಯೇ. ನಂತರ ದೊಡ್ಡ ಎಂಜಿನ್ ಮರಳಿದರೂ 4.9 ಲೀಟರಿನಿಂದ ಸಿಕ್ಕಿದ್ದು ಹೆಚ್ಚೆಂದರೆ 140ರಷ್ಟು ಅಶ್ವಶಕ್ತಿ. 1975ರಲ್ಲಿ ಇನ್ನೊಂದು ಕಾನೂನು ಬಂತು: ಒಂದು ಕಂಪೆನಿ ಮಾರುವ ಕಾರುಗಳ ಸರಾಸರಿ ಮೈಲೇಜ್ 1985ರ ಹೊತ್ತಿಗೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ ಹನ್ನೊಂದೂ ಮುಕ್ಕಾಲು ಕಿಲೋಮೀಟರಿನಷ್ಟು, ಆಗಬೇಕು. ಸ್ನಾಯುವಿನ ಕಾರಿನ ಕತೆ ಮುಗಿಯಿತು ಎಂದೇ ಎಲ್ಲರೂ ಭಾವಿಸಿದರು.

ಕುದುರೆಗೆ ಬುದ್ಧಿ ಬಂತು

ಮುಗಿಯಲಿಲ್ಲ. ಏಕೆಂಬುದೇ ಈ ಕತೆಯ ತಿರುಳು.

ಹೊಗೆಶುದ್ಧಿಯ ಪೆಟ್ಟಿಗೆಯ ಮುಂದಿನ ಪೀಳಿಗೆ ಮೂರು ವಿಷಗಳನ್ನು ಒಟ್ಟಿಗೆ ತೊಡೆಯಬಲ್ಲದಾಗಿತ್ತು: ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್. ಆದರೆ ಅದಕ್ಕೊಂದು ಷರತ್ತು. ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ ಸರಿಯಾಗಿ 14.7ಕ್ಕೆ 1 ಇರಬೇಕು. ಗಾಳಿ ಕಡಿಮೆಯಾದರೆ ಮೊದಲಿನೆರಡು ವಿಷಗಳು ಉಳಿಯುತ್ತವೆ, ಹೆಚ್ಚಾದರೆ ಮೂರನೆಯದು. ಪಾಯಸಕ್ಕೆ ಬೆಲ್ಲ ಹಾಕುವಂತೆ ಅಂದಾಜಿನಲ್ಲಿ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಕಾರ್ಬ್ಯುರೇಟರಿಗೆ ಇಷ್ಟು ಸೂಕ್ಷ್ಮತೆ ಎಲ್ಲಿಂದ ಬರಬೇಕು?

ಆದ್ದರಿಂದ ಹೊಗೆಕೊಳವೆಯಲ್ಲಿ ಆಮ್ಲಜನಕದ ಸಂವೇದಕವನ್ನು ಕೂರಿಸಿದರು. ಅದು ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಸವಿದು ನೋಡಿ ಒಂದು ಪುಟ್ಟ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿ, ಸಿಂಪಡಿಸಬೇಕಾದ ಪೆಟ್ರೋಲನ್ನು ಕ್ಷಣಕ್ಷಣವೂ ತಿದ್ದುತ್ತದೆ. ಮಸ್ಟಾಂಗಿನ ಎಂಟು ಸಿಲಿಂಡರ್ ಎಂಜಿನ್ನಿಗೆ ಇಂಥ ಸಿಂಪಡಣೆ ವ್ಯವಸ್ಥೆ ಬಂದದ್ದು 1986ರಲ್ಲಿ. ಕಾನೂನಿನ ಒತ್ತಡಕ್ಕೆ ಬಂದ ಈ ಕಂಪ್ಯೂಟರನ್ನು ಒಳಗೆ ಕೂರಿಸಿದ ಮೇಲೆ ಅದು ಬೇರೆ ಕೆಲಸಗಳಿಗೂ ಒದಗಿತು. ಎಂಜಿನ್ನಿನ ಬಡಿತವನ್ನು ಸಂವೇದಕದಿಂದ ಆಲಿಸಿ, ಕಿಡಿ ಹಾರುವ ಹೊತ್ತನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡುವುದು ಅದಕ್ಕೆ ಸಾಧ್ಯವಾಯಿತು. ಸೀಸ ವಿಷ ಸುರಿದು ಮಾಡುತ್ತಿದ್ದ ಕೆಲಸಕ್ಕೆ ಈಗ ಬುದ್ಧಿ ನೆರವಾಯಿತು. 5 ಲೀಟರಿನ ಎಂಜಿನ್ 1982ರಲ್ಲಿ 157 ಅಶ್ವಶಕ್ತಿ ಕೊಡುತ್ತಿತ್ತು. 1987ಕ್ಕೆ ಅದು 225 ಆಯಿತು. ಗಾತ್ರ ಅದೇ.

ನಡುವೆ, 1984ರಲ್ಲಿ, ಆ 2.3 ಲೀಟರಿನ ಪುಟ್ಟ ಎಂಜಿನ್ನಿಗೆ ಟರ್ಬೋ ಜೋಡಿಸಿ 175 ಅಶ್ವಶಕ್ತಿ ಪಡೆದರು. ಟರ್ಬೋ ಎಂದರೆ ಬೇರೇನಲ್ಲ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕುವುದು. ಪೋಲಾಗುತ್ತಿದ್ದ ಶಕ್ತಿಯನ್ನು ಹಿಡಿದು ದುಡಿಸಿಕೊಳ್ಳುವ ಜಾಣತನ.

1980ರ ದಶಕದ ಕೊನೆಯಲ್ಲಿ ಮಸ್ಟಾಂಗಿಗೆ ಇನ್ನೊಂದು ಕಂಟಕ ಬಂತು. ಜಪಾನಿನ ಮಾಜ್ಡಾ ಕಂಪೆನಿಯ ನೆರವಿನಿಂದ ತಯಾರಾದ, ಮುಂದಿನ ಚಕ್ರಗಳಿಂದ ಓಡುವ ಕಾರಿಗೆ ಈ ಹೆಸರಿಡಲು ಫೋರ್ಡ್ ಯೋಚಿಸಿತ್ತು. ಸುದ್ದಿ ಹೊರಬಿದ್ದದ್ದೇ ತಡ, ಅಭಿಮಾನಿಗಳಿಂದ ಪ್ರತಿಭಟನೆಯ ಪತ್ರಗಳ ಮಳೆ ಸುರಿಯಿತು. ಆ ಕಾರು 'ಪ್ರೋಬ್' ಎಂಬ ಬೇರೆ ಹೆಸರು ಹೊತ್ತು ಹೊರಬಂತು. ಹಳೆಯ ಜಾಡಿನ ಮಸ್ಟಾಂಗ್ ಉಳಿಯಿತು. 1994ರ ಮಾದರಿಯಲ್ಲಿ ಹೊಸ ಮೈ ಪಡೆಯಿತು.

ಹತ್ತು, ಎಂಟು, ಹನ್ನೆರಡು

2005ರ ಮಾದರಿಯಲ್ಲಿ ಮಸ್ಟಾಂಗ್ ತನ್ನ 1960ರ ದಶಕದ ಮುಖವನ್ನೇ ಮತ್ತೆ ತೊಟ್ಟುಕೊಂಡಿತು. ಅದರ ಮುಖ್ಯ ಎಂಜಿನಿಯರ್ ಹೌ ಥಾಯ್-ಟ್ಯಾಂಗ್. ವಿಯೆಟ್ನಾಮಿನ ಸೈಗಾನಿನಲ್ಲಿ ಹುಟ್ಟಿ, 1975ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದವರು. 'ಅಪ್ಪಟ ಅಮೆರಿಕನ್' ಎನಿಸಿಕೊಂಡ ಕಾರನ್ನು ಮರಳಿ ರೂಪಿಸಿದವರು ನಿರಾಶ್ರಿತನಾಗಿ ಆ ದೇಶ ಸೇರಿದ ಒಬ್ಬ ಹುಡುಗ ಎಂಬುದನ್ನು ಗಮನಿಸಿ.

2011ರ ಮಾದರಿಯ ಆರು ಸಿಲಿಂಡರಿನ ಮಸ್ಟಾಂಗ್ 305 ಅಶ್ವಶಕ್ತಿಯ ಜೊತೆಗೆ ಹೆದ್ದಾರಿಯಲ್ಲಿ ಲೀಟರಿಗೆ ಸುಮಾರು 13 ಕಿಲೋಮೀಟರ್ ಮೈಲೇಜ್ ಕೊಟ್ಟಿತು. 2015ರಲ್ಲಿ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಬಲಗಡೆ ಸ್ಟೇರಿಂಗ್ ಇರುವ ಮಸ್ಟಾಂಗ್ ತಯಾರಾಯಿತು. 2016ರಲ್ಲಿ ಅದು ಭಾರತದಲ್ಲೂ 65 ಲಕ್ಷ ರೂಪಾಯಿಗೆ ಮಾರಾಟಕ್ಕೆ ಬಂತು. ಅಲ್ಲಿ ಹದಿನೆಂಟರ ಹುಡುಗರ ಕೈಗೆಟುಕಲೆಂದು ಹುಟ್ಟಿದ ಕಾರು ಇಲ್ಲಿ ಕೋಟ್ಯಧಿಪತಿಗಳ ಆಟಿಕೆಯಾಯಿತು. ಫೋರ್ಡ್ ಕಂಪೆನಿ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆಯನ್ನು ಕೈಬಿಡುವುದಾಗಿ ಸಾರಿತು. 2018ರ ಆಗಸ್ಟ್ 8ರಂದು ಮಿಷಿಗನ್ ರಾಜ್ಯದ ಕಾರ್ಖಾನೆಯಿಂದ ಒಂದು ಕೋಟಿಯ ಮಸ್ಟಾಂಗ್ ಹೊರಬಂತು.

ಈಗ ಮೂರು ಅಂಕಿಗಳನ್ನು ಮತ್ತೆ ನೋಡಿ. ಸೀಸದ ಕಾಲದಲ್ಲಿ ಸಂಪೀಡನ ಅನುಪಾತ 10.5. ಸೀಸ ಹೋದಾಗ ಎಂಟರ ಆಸುಪಾಸು. 2018ರ 5 ಲೀಟರ್ ಎಂಜಿನ್ನಿನಲ್ಲಿ, ಸೀಸವಿಲ್ಲದೆಯೇ, 12! ಸಾಮರ್ಥ್ಯ 460 ಅಶ್ವಶಕ್ತಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ಇಂದಿನ ಹೊಸ ಕಾರುಗಳು ಮುಖ್ಯ ಮಾಲಿನ್ಯಕಾರಕಗಳ ವಿಷಯದಲ್ಲಿ 1970ರ ಕಾರುಗಳಿಗಿಂತ ನೂರಕ್ಕೆ ಸುಮಾರು 99ರಷ್ಟು ಶುಚಿ. ಕಡಿವಾಣ ಹಾಕಿದರೆ ಕುದುರೆ ಸತ್ತೇ ಹೋಗುತ್ತದೆ ಎಂದವರಿದ್ದರು. ಕಡಿವಾಣ ಹಾಕಿದ ಮೇಲೆಯೇ ಅದು ಸರಿಯಾಗಿ ಓಡಲು ಕಲಿತದ್ದು.

ತೀರದ ಸಾಲ

ಹಾಗೆಂದು ಎಲ್ಲವೂ ಸುಖಾಂತ್ಯವಾಯಿತೇ? ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಮುಕ್ಕಾಲು ಕಿಲೋಗ್ರಾಂ ತೂಗುವ ಪೆಟ್ರೋಲಿನಿಂದ ಅಷ್ಟು ಹೇಗೆ ಬಂತು ಎಂದು ಕೇಳುತ್ತೀರಾ? ಉಳಿದ ತೂಕ ಗಾಳಿಯಿಂದ ಬಂದು ಸೇರಿದ ಆಮ್ಲಜನಕದ್ದು. ಈ ಅನಿಲವನ್ನು ಯಾವ ವೇಗವರ್ಧಕ ಪೆಟ್ಟಿಗೆಯೂ ತೊಡೆಯಲಾರದು. ಏಕೆಂದರೆ ಅದು ಅರೆಬೆಂದ ಕಸವಲ್ಲ, ಪೂರ್ಣವಾಗಿ ಉರಿದದ್ದರ ಗುರುತು. ಭೂಮಿಯ ತಾಪವನ್ನು ಏರಿಸುತ್ತಿರುವುದು ಅದೇ. ಅದನ್ನು ತಗ್ಗಿಸಬೇಕಾದರೆ ಕಡಿಮೆ ಉರಿಸಬೇಕು, ಇಲ್ಲವೇ ಉರಿಸುವುದನ್ನೇ ಬಿಡಬೇಕು.

ಫೋರ್ಡ್ ಕಂಪೆನಿ 2019ರ ನವೆಂಬರಿನಲ್ಲಿ 'ಮಸ್ಟಾಂಗ್ ಮಾಕ್-ಇ' ಎಂಬ ವಿದ್ಯುತ್ ಕಾರನ್ನು ತೋರಿಸಿತು. ನಾಲ್ಕು ಬಾಗಿಲು, ಗುಡುಗಿನ ಸದ್ದಿಲ್ಲ, ಹೊಗೆಕೊಳವೆಯೇ ಇಲ್ಲ. ಇದಕ್ಕೆ ಆ ಹೆಸರಿಡಬಾರದಿತ್ತು ಎಂದು ಅಭಿಮಾನಿಗಳು ಮತ್ತೆ ಸಿಟ್ಟಾದರು. ಆದರೆ 2024ರಲ್ಲಿ ಅಮೆರಿಕದಲ್ಲಿ ಅದರ ಮಾರಾಟ ಪೆಟ್ರೋಲ್ ಮಸ್ಟಾಂಗನ್ನು ಮೀರಿತು. ವಿದ್ಯುತ್ ಕಾರಿಗೂ ಅದರದೇ ಲೆಕ್ಕವಿದೆ: ವಿದ್ಯುತ್ತು ಕಲ್ಲಿದ್ದಲಿನಿಂದ ಬಂತೋ, ಸೂರ್ಯನಿಂದ ಬಂತೋ ಎಂದು ಕೇಳಲೇಬೇಕು. ಆದರೂ ನಾವು ನೋಡಿದ ಆ ಬೈ-ಟು ಕಾಫಿಯ ಲೆಕ್ಕದಲ್ಲಿ ಅದಕ್ಕೊಂದು ಅನುಕೂಲವಿದೆ. ಬ್ರೇಕ್ ಒತ್ತಿದಾಗ ಅದರ ಮೋಟಾರು ಜನರೇಟರಾಗಿ ತಿರುಗಿ, ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಕಮಾರೊ ಕಾರಿನ ತಯಾರಿಕೆ 2023ರ ಡಿಸೆಂಬರಿನಲ್ಲಿ ನಿಂತಿತು. 2022ರಲ್ಲಿ ಅನಾವರಣಗೊಂಡ ಏಳನೆಯ ಪೀಳಿಗೆಯ ಮಸ್ಟಾಂಗ್ ಮಾತ್ರ ಈಗಲೂ ಎಂಟು ಸಿಲಿಂಡರುಗಳ ಗುಡುಗನ್ನು ಉಳಿಸಿಕೊಂಡಿದೆ.

ನೀವೇ ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಆರ್.ಸಿ. ಪುಸ್ತಕವನ್ನು ಕೇಳಿ ಪಡೆಯಿರಿ. ಅದರಲ್ಲಿ ಎಂಜಿನ್ನಿನ ಗಾತ್ರ ಸಿ.ಸಿ.ಯಲ್ಲಿ ಬರೆದಿರುತ್ತದೆ; 1,000 ಸಿ.ಸಿ. ಎಂದರೆ ಒಂದು ಲೀಟರ್. ಅಶ್ವಶಕ್ತಿ ವಾಹನದ ಜೊತೆ ಬಂದ ಕೈಪಿಡಿಯಲ್ಲಿ ಸಿಗುತ್ತದೆ. ಅಶ್ವಶಕ್ತಿಯನ್ನು ಲೀಟರಿನಿಂದ ಭಾಗಿಸಿ. 1974ರ ಮಸ್ಟಾಂಗಿಗೆ ಈ ಲೆಕ್ಕ ಮಾಡಿದರೆ ಲೀಟರಿಗೆ 38 ಬರುತ್ತದೆ. 2015ರದಕ್ಕೆ ಸುಮಾರು 135. ನಿಮ್ಮದು ಎಲ್ಲಿ ನಿಲ್ಲುತ್ತದೆ ನೋಡಿ. ಒಂದು ಹಳೆಯ ಮತ್ತು ಒಂದು ಹೊಸ ವಾಹನದ ಅಂಕಿಗಳನ್ನು ಪಕ್ಕಪಕ್ಕ ಬರೆದು ಗೆಳೆಯರೊಡನೆ ಚರ್ಚಿಸಿ.

ಆಮೇಲೆ ಅದೇ ವಾಹನದ ಎಮಿಷನ್ ಟೆಸ್ಟ್ ಚೀಟಿಯನ್ನೂ ಕೇಳಿ. ಅವಧಿ ಮುಗಿದಿದ್ದರೆ ದೊಡ್ಡವರಿಗೆ ನೆನಪಿಸಿ. ಆ ಚೀಟಿಯಲ್ಲಿ ಮುದ್ರಿತವಾಗಿರುವ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಂಬ ಎರಡು ಸಾಲುಗಳ ಹಿಂದೆ ಎಷ್ಟು ವರ್ಷಗಳ ಜಗಳ, ಎಷ್ಟು ಜನರ ದುಡಿಮೆ ಇದೆಯೆಂಬುದು ಈಗ ನಿಮಗೆ ಗೊತ್ತು.